ಎದೆ ಹೊಡೆದುಕೊಂಡಾಗ: ಗಾಬರಿ, ಆತಂಕ ಮತ್ತು ನಮ್ಮ ಮಕ್ಕಳು

(ಈ ವರ್ಷದ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ, ನಮ್ಮ ಟ್ರಸ್ಟಿನ ನೆರವಿನಿಂದ ಓದಿ ಈಗ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕಿಯಾಗಿರುವ ಸಹೋದರಿಯೊಬ್ಬರು ಮಾಡಿದ ಭಾಷಣದ ಬರಹ ರೂಪ.)

ನನಗೆ ಕೊಟ್ಟಿದ್ದ ವಿಷಯ 'ನರ್ಸಿಂಗ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು'. ಮೊನ್ನೆ ಕಾರ್ಯದರ್ಶಿಯವರಿಗೆ ಫೋನ್ ಮಾಡಿ, ವಿಷಯ ಬದಲಾಯಿಸಬಹುದೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಬಹುದಮ್ಮ, ಆದರೆ ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಸಿ, ಊಟಕ್ಕೆ ತಡವಾಗುತ್ತದೆ" ಎಂದರು. ಮುಗಿಸಲು ಪ್ರಯತ್ನಿಸುತ್ತೇನೆ. ಉದ್ಯೋಗಾವಕಾಶದ ಬಗ್ಗೆ ಕೇಳುವವರಿದ್ದರೆ ಊಟದ ನಂತರ ನನ್ನ ಹತ್ತಿರ ಬನ್ನಿ.

ವಿಷಯ ಬದಲಾಯಿಸಲು ಕಾರಣ ಇದು. ಕಳೆದ ತಿಂಗಳು ನನಗೆ ರಾತ್ರಿ ಪಾಳಿ ಇತ್ತು. ಒಂದೂವರೆ ಗಂಟೆಯ ಹೊತ್ತಿಗೆ ಪಿಯುಸಿ ಓದುವ ಒಬ್ಬಳು ಹುಡುಗಿಯನ್ನು ಆಟೋದಲ್ಲಿ ಕರೆತಂದರು. ತಂದೆ, ತಾಯಿ, ಒಬ್ಬರು ಮಾವ ಜೊತೆಗಿದ್ದರು. ಹುಡುಗಿಗೆ ಉಸಿರು ಸಿಗುತ್ತಿಲ್ಲ, ಎದೆ ಹೊಡೆದುಕೊಳ್ಳುತ್ತಿದೆ, ಕೈಬೆರಳು ಸೆಟೆದುಕೊಂಡಿದೆ. "ಸಿಸ್ಟರ್, ನಾನು ಸಾಯುತ್ತೇನಾ?" ಎಂದು ಒಂದೇ ಸಮನೆ ಕೇಳುತ್ತಿದ್ದಳು. ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡಿದೆವು, 99 ಇತ್ತು. ಇಸಿಜಿ ಸರಿ ಇತ್ತು. ಶುಗರ್ ಸರಿ ಇತ್ತು. ಅರ್ಧ ಗಂಟೆಯಲ್ಲಿ ಎಲ್ಲ ಇಳಿಯಿತು. ವೈದ್ಯರು ಚೀಟಿ ಬರೆದು, "ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದರು. ಆಗ ಮಾವ ಎಲ್ಲರಿಗೂ ಕೇಳುವ ಹಾಗೆ, "ನೋಡಿದಿರಾ, ನಾನು ಹೇಳಲಿಲ್ಲವಾ? ಪರೀಕ್ಷೆ ಬಂತಲ್ಲ, ನಾಟಕ" ಎಂದರು.

ಹುಡುಗಿ ನನ್ನ ಮುಖ ನೋಡಿದಳು. ಆ ನೋಟ ನನಗೆ ಗುರುತಿತ್ತು. ಯಾಕೆಂದರೆ 19ನೇ ವಯಸ್ಸಿನಲ್ಲಿ ಅದೇ ತರದ ಮಂಚದಲ್ಲಿ ನಾನೂ ಮಲಗಿದ್ದೆ.

ನನ್ನ ತಂದೆ ಸ್ಕೂಟರಿನಲ್ಲಿ ಮೀನು ಮಾರುತ್ತಿದ್ದರು. ಉಮ್ಮ ಬೀಡಿ ಕಟ್ಟುತ್ತಿದ್ದರು. ಬಿ.ಎಸ್ಸಿ ನರ್ಸಿಂಗ್‌ಗೆ ಸೀಟು ಸಿಕ್ಕಾಗ ಫೀಸಿನ ದೊಡ್ಡ ಪಾಲು ಕೊಟ್ಟದ್ದು ಈ ಟ್ರಸ್ಟ್. ಅದನ್ನು ನಾನು ಯಾವತ್ತೂ ಮರೆತಿಲ್ಲ, ಅಲ್‌ಹಮ್ದುಲಿಲ್ಲಾಹ್. ಬಿ.ಸಿ.ರೋಡಿನಿಂದ ಮಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮೊದಲ ವರ್ಷದ ಪರೀಕ್ಷೆಗೆ ಎರಡು ತಿಂಗಳಿರುವಾಗ, ಒಂದು ಸೋಮವಾರ ಬೆಳಿಗ್ಗೆ, ಬಸ್ಸು ಫರಂಗಿಪೇಟೆ ದಾಟುತ್ತಿದ್ದಂತೆ ಎದೆಯೊಳಗೆ ಯಾರೋ ಬಾಗಿಲು ಬಡಿದ ಹಾಗಾಯಿತು. ಆ ಹೊತ್ತಿಗೆ ನನಗೆ ಯಾವ ಚಿಂತೆಯೂ ಇರಲಿಲ್ಲ. ಕಿಟಕಿಯ ಹೊರಗೆ ನದಿ ನೋಡುತ್ತಿದ್ದೆ, ಅಷ್ಟೇ. ಬೆವರು, ನಡುಕ, ಬೆರಳಲ್ಲಿ ಇರುವೆ ಹರಿದ ಹಾಗೆ. ಜನರ ಮಾತು ದೂರದಿಂದ ಕೇಳಿದ ಹಾಗೆ. ಈ ಬಸ್ಸಿನಿಂದ ಇಳಿಯದಿದ್ದರೆ ಸತ್ತೇ ಹೋಗುತ್ತೇನೆ ಎಂಬುದು ಒಂದೇ ಯೋಚನೆ. ಅಡ್ಯಾರಿನಲ್ಲಿ ಇಳಿದುಬಿಟ್ಟೆ. ರಸ್ತೆ ಬದಿಯ ಅಂಗಡಿಯವರು, "ಎಂತಾಯ್ತು ತಂಗೀ, ಕೂತ್ಕೊಳ್ಳಿ" ಎಂದು ಸ್ಟೂಲು ಕೊಟ್ಟು ಲಿಂಬೆ ಶರಬತ್ತು ಮಾಡಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಅವರಿಗೆ ಅಲ್ಲಾಹನು ಒಳ್ಳೆಯದು ಮಾಡಲಿ.

ಆಸ್ಪತ್ರೆಗೆ ಹೋದೆವು. ಇಸಿಜಿ ಮಾಡಿ "ಏನೂ ಇಲ್ಲ" ಎಂದರು. ಈ ಎರಡು ಪದಗಳ ಬಗ್ಗೆ ನನ್ನ ವೃತ್ತಿಯವರ ಮೇಲೆ ನನಗೊಂದು ತಕರಾರಿದೆ. "ನಿನ್ನ ಹೃದಯಕ್ಕೆ ಏನೂ ಆಗಿಲ್ಲ" ಎನ್ನುವುದು ಬೇರೆ, "ನಿನಗೇನೂ ಆಗಿಲ್ಲ" ಎನ್ನುವುದು ಬೇರೆ. ಮೊದಲನೆಯದು ಸಮಾಧಾನ. ಎರಡನೆಯದನ್ನು ಕೇಳಿಸಿಕೊಂಡವಳು, ಹಾಗಾದರೆ ನಾನು ಸುಳ್ಳು ಹೇಳುತ್ತಿದ್ದೇನೆ, ಇಲ್ಲವೇ ಹುಚ್ಚಿಯಾಗುತ್ತಿದ್ದೇನೆ ಎಂದುಕೊಂಡು ಮನೆಗೆ ಹೋಗುತ್ತಾಳೆ. ನಾನು ಹಾಗೆಯೇ ಹೋದೆ.

ನನಗೆ ಆದದ್ದಕ್ಕೆ ಹೆಸರಿದೆ: ಪ್ಯಾನಿಕ್ ಅಟ್ಯಾಕ್. ನಮ್ಮ ಮಾತಿನಲ್ಲಿ ಹಠಾತ್ತನೆ ನುಗ್ಗುವ ಗಾಬರಿ. ಅದು ಏನು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅರ್ಧ ಚಿಕಿತ್ಸೆ ಇರುವುದು ಅದನ್ನು ತಿಳಿದುಕೊಳ್ಳುವುದರಲ್ಲೇ. ಕತ್ತಲಲ್ಲಿ ಕಾಲ ಹತ್ತಿರ ಹಾವು ಕಂಡರೆ ನಮ್ಮ ದೇಹ ನಮ್ಮನ್ನು ಕೇಳುವುದಿಲ್ಲ. ಅಡ್ರಿನಲಿನ್ ರಕ್ತಕ್ಕೆ ಹರಿಯುತ್ತದೆ. ಓಡಲು ಕಾಲಿಗೆ ರಕ್ತ ಬೇಕು, ಅದಕ್ಕೆ ಹೃದಯ ಜೋರಾಗಿ ಬಡಿಯುತ್ತದೆ. ಗಾಳಿ ಬೇಕು, ಅದಕ್ಕೆ ಉಸಿರು ವೇಗವಾಗುತ್ತದೆ. ಮೈ ತಣ್ಣಗಾಗಬೇಕು, ಅದಕ್ಕೆ ಬೆವರು. ಇದು ನಮ್ಮನ್ನು ಕಾಪಾಡಲು ಇಟ್ಟ ಏರ್ಪಾಡು. ಪ್ಯಾನಿಕ್ ಅಟ್ಯಾಕ್‌ನಲ್ಲಿ ಹಾವು ಇಲ್ಲ, ಆದರೆ ಕರೆಗಂಟೆ ಮಾತ್ರ ಬಾರಿಸಿಬಿಡುತ್ತದೆ. ಓಡದೆ ಕುಳಿತಲ್ಲೇ ಜೋರಾಗಿ ಉಸಿರಾಡಿದಾಗ ದೇಹದಿಂದ ಇಂಗಾಲದ ಡೈ ಆಕ್ಸೈಡ್ ಹೆಚ್ಚಾಗಿ ಹೊರಗೆ ಹೋಗುತ್ತದೆ. ತಲೆ ಸುತ್ತುವುದು, ಬೆರಳು ಜುಮ್ಮೆನ್ನುವುದು, ಕೈ ಸೆಟೆಯುವುದು ಅದರಿಂದ. ಉಸಿರು ಕಡಿಮೆಯಾಗಿದೆ ಅನಿಸುತ್ತದೆ, ನಿಜವಾಗಿ ಉಸಿರಾಟ ಹೆಚ್ಚಾಗಿರುತ್ತದೆ. ಆ ಹುಡುಗಿಯ ಬೆರಳಲ್ಲಿ 99 ತೋರಿಸಿದ್ದು ಅದಕ್ಕೇ. ಸಾಮಾನ್ಯವಾಗಿ 10 ನಿಮಿಷದೊಳಗೆ ಇದು ತುದಿ ಮುಟ್ಟುತ್ತದೆ, ನಂತರ ತಾನಾಗಿಯೇ ಇಳಿಯುತ್ತದೆ. ಇಡೀ ದಿನ ಅದೇ ಎತ್ತರದಲ್ಲಿ ಉಳಿಯಲು ದೇಹಕ್ಕೆ ಸಾಧ್ಯವಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಾನು ತುರ್ತು ವಿಭಾಗದಲ್ಲಿ ಕೆಲಸ ಮಾಡುವವಳು, ಇದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮೊದಲ ಸಲ ಎದೆನೋವು ಬಂದಾಗ 'ಇದು ಪ್ಯಾನಿಕ್' ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಬೇಡಿ. ಮುಖ್ಯವಾಗಿ 40 ದಾಟಿದವರು, ಸಕ್ಕರೆ ಕಾಯಿಲೆ, ಬಿಪಿ ಇರುವವರು, ಸಿಗರೇಟು ಸೇದುವವರು. ನಡೆದಾಗ, ಮೆಟ್ಟಿಲು ಹತ್ತಿದಾಗ ಬರುವ ನೋವು, ಎಡಗೈಗೋ ದವಡೆಗೋ ಹರಡುವ ನೋವು ಇದ್ದರೆ ಕೂಡಲೇ ಆಸ್ಪತ್ರೆಗೆ ಬನ್ನಿ. ಥೈರಾಯ್ಡ್ ಹೆಚ್ಚಾದರೂ, ರಕ್ತ ಕಡಿಮೆಯಾದರೂ ಎದೆ ಹೊಡೆದುಕೊಳ್ಳುತ್ತದೆ. ಒಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಿ. ಆದರೆ ಒಮ್ಮೆ ಮಾಡಿಸಿ ಸರಿ ಇದೆ ಎಂದ ಮೇಲೆ ಪ್ರತಿ ವಾರ ಹೊಸ ಆಸ್ಪತ್ರೆಗೆ ಹೋಗಿ ಹೊಸ ಇಸಿಜಿ ಮಾಡಿಸುವುದೂ ಕಾಯಿಲೆಯ ಭಾಗವೇ.

ನನ್ನ ಕಥೆಗೆ ಬರುತ್ತೇನೆ. ಪ್ಯಾನಿಕ್‌ನ ನಿಜವಾದ ಕೇಡು ಆ ಹತ್ತು ನಿಮಿಷದಲ್ಲಿಲ್ಲ, ನಂತರದ ದಿನಗಳಲ್ಲಿದೆ. ಮತ್ತೆ ಬಂದರೆ? ಈ ಪ್ರಶ್ನೆಯ ಹಿಂದೆ ಬದುಕು ಸಣ್ಣದಾಗುತ್ತಾ ಹೋಗುತ್ತದೆ. ಮೊದಲು ನಾನು ಬಾಗಿಲ ಹತ್ತಿರದ ಸೀಟಿನಲ್ಲಿ ಮಾತ್ರ ಕೂರತೊಡಗಿದೆ. ಆಮೇಲೆ ನೀರಿನ ಬಾಟಲಿ ಇಲ್ಲದೆ ಹೊರಡುತ್ತಿರಲಿಲ್ಲ. ಆಮೇಲೆ ಗೆಳತಿ ಜೊತೆಗಿದ್ದರೆ ಮಾತ್ರ. ಆಮೇಲೆ ಬಸ್ಸೇ ಬೇಡ. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಆ ಕ್ಷಣಕ್ಕೆ ಹಾಯೆನಿಸುತ್ತಿತ್ತು, ಮರುದಿನ ಭಯ ಇನ್ನಷ್ಟು ದಪ್ಪವಾಗಿರುತ್ತಿತ್ತು. ಆರು ವಾರ ಕಾಲೇಜಿಗೆ ಸರಿಯಾಗಿ ಹೋಗಲಿಲ್ಲ. ತಂದೆ ಮೀನಿನ ಸ್ಕೂಟರ್ ತೊಳೆದು ನನ್ನನ್ನು ಹಿಂದೆ ಕೂರಿಸಿಕೊಂಡು ಕೆಲವು ದಿನ ಮಂಗಳೂರಿನವರೆಗೆ ಬಿಟ್ಟುಬಂದರು. ಆ ದಿನಗಳಲ್ಲಿ ಅವರ ವ್ಯಾಪಾರ ಹೋಯಿತು.

ಮನೆಯಲ್ಲಿ ಸಹಜವಾಗಿ ಬೇರೆ ಮಾತೂ ಬಂತು. ಕಣ್ಣು ಬಿದ್ದಿದೆ, ಏನೋ ಸೋಕಿದೆ, ಎಂದು. ಉಮ್ಮ ನನ್ನನ್ನು ಮೊಹಲ್ಲದ ಉಸ್ತಾದರ ಹತ್ತಿರ ಕರೆದುಕೊಂಡು ಹೋದರು. ಆ ಉಸ್ತಾದರು ಓದಿ ನೀರು ಮಂತ್ರಿಸಿ ಕೊಟ್ಟರು, ದುಆ ಮಾಡಿದರು. ಕೊನೆಗೆ ಉಮ್ಮನಿಗೆ ಹೇಳಿದರು: "ನನ್ನ ಕೆಲಸ ನಾನು ಮಾಡಿದ್ದೇನೆ. ಡಾಕ್ಟರ ಕೆಲಸ ಡಾಕ್ಟರೇ ಮಾಡಬೇಕು. ಮಗಳನ್ನು ಮನಸ್ಸಿನ ಡಾಕ್ಟರಿಗೆ ತೋರಿಸಿ." ಇಲ್ಲಿ ಮಸೀದಿ ಕಮಿಟಿಯವರೂ ಇದ್ದೀರಿ, ಅದಕ್ಕೆ ಹೇಳುತ್ತಿದ್ದೇನೆ. ನಮ್ಮ ಕುಟುಂಬಗಳು ಮೊದಲು ಹೋಗುವುದು ಉಸ್ತಾದರ ಬಾಗಿಲಿಗೆ. ಅವರ ಬಾಯಿಂದ ಈ ಒಂದು ಮಾತು ಬಂದರೆ ಎಷ್ಟೋ ಮನೆಗಳಲ್ಲಿ ವರ್ಷಗಳು ಉಳಿಯುತ್ತವೆ.

ಇದು ನಮಗೆ ಹೊಸದೂ ಅಲ್ಲ. ಸಾವಿರದ ನೂರು ವರ್ಷಗಳ ಹಿಂದೆ, ಈಗಿನ ಅಫ್ಘಾನಿಸ್ತಾನದ ಬಲ್ಖ್ ಸೀಮೆಯಲ್ಲಿ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರಿದ್ದರು. 934ರಲ್ಲಿ ತೀರಿಕೊಂಡರು. 'ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್' ಎಂಬ ಅವರ ಗ್ರಂಥದ ಒಂದು ಭಾಗ ದೇಹದ ಆರೋಗ್ಯದ ಬಗ್ಗೆ, ಇನ್ನೊಂದು ಭಾಗ ಮನಸ್ಸಿನ ಆರೋಗ್ಯದ ಬಗ್ಗೆ. ಕೋಪ, ಭಯ, ದುಃಖ, ವಸ್ವಾಸ್ ಇವನ್ನು ಬೇರೆ ಬೇರೆಯಾಗಿ ಬಿಡಿಸಿ ಬರೆದಿದ್ದಾರೆ. ನನಗೆ ಬಹಳ ಉಪಯೋಗವಾದ ಅವರ ಒಂದು ಸಲಹೆ ಇದೆ: ತುರ್ತಿಗೆಂದು ಮನೆಯಲ್ಲಿ ಔಷಧ ಇಟ್ಟುಕೊಳ್ಳುವ ಹಾಗೆ, ಆರೋಗ್ಯವಾಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಸಿದ್ಧ ಮಾಡಿ ಇಟ್ಟುಕೊಳ್ಳಬೇಕು. ಗಾಬರಿ ಬಂದ ಮೇಲೆ ಹುಡುಕಿದರೆ ಸಿಗುವುದಿಲ್ಲ. ನಾನು ಇಟ್ಟುಕೊಂಡಿದ್ದ ಮಾತು ಇಷ್ಟೇ, ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟಿದ್ದೆ: 'ಇದು ಮೊದಲೂ ಬಂದಿತ್ತು. ಹೋಗಿತ್ತು. ಈಗಲೂ ಹೋಗುತ್ತದೆ.'

ಕಾಲೇಜಿನ ಒಬ್ಬರು ಟ್ಯೂಟರ್ ನನ್ನನ್ನು ಸರಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋದರು. ಬಾಗಿಲಿನ ಮೇಲಿನ ಬೋರ್ಡು ಯಾರಾದರೂ ನೋಡಿಯಾರು ಎಂದು ಶಾಲು ಮುಖದವರೆಗೆ ಎಳೆದುಕೊಂಡಿದ್ದೆ. ಆ ವೈದ್ಯರು ವಯಸ್ಸಾದವರು. ನಾನು ಹೇಳಿದ್ದನ್ನೆಲ್ಲ ಕೇಳಿ, ಕಾಗದದ ಮೇಲೆ ಒಂದು ಗುಡ್ಡ ಬರೆದು, "ಭಯ ಹೀಗೆ ಹತ್ತುತ್ತದೆ, ಹೀಗೆ ಇಳಿಯುತ್ತದೆ. ನೀನು ಇಲ್ಲಿ ಬಸ್ಸಿನಿಂದ ಇಳಿದುಬಿಡುತ್ತಿ. ಹಾಗಾಗಿ ಇಳಿಜಾರು ಇದೆ ಅಂತ ನಿನಗೆ ಗೊತ್ತೇ ಆಗಿಲ್ಲ" ಎಂದರು. ಆಮೇಲೆ ಒಂದು ವಿಚಿತ್ರ ಕೆಲಸ ಮಾಡಿಸಿದರು. ಕುರ್ಚಿಯಲ್ಲಿ ಕೂರಿಸಿ, ಗಡಿಯಾರ ನೋಡಿಕೊಂಡು ಒಂದು ನಿಮಿಷ ಬೇಗಬೇಗ ಉಸಿರಾಡಲು ಹೇಳಿದರು. ಅದೇ ಜುಮ್ಮು, ಅದೇ ತಲೆಸುತ್ತು, ಅದೇ ಎದೆಬಡಿತ. ನಾನು ಹೆದರಿ ಅವರ ಮುಖ ನೋಡಿದರೆ ಅವರು ನಗುತ್ತಾ, "ಸಾಯುವ ಕಾಯಿಲೆಯನ್ನು ನೀನೇ ಉಸಿರಾಡಿ ತರಿಸಿದೆಯಲ್ಲ?" ಎಂದರು. (ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ. ಆಸ್ತಮಾ, ಮೂರ್ಛೆ ರೋಗ, ಹೃದಯದ ತೊಂದರೆ, ಗರ್ಭ ಇರುವವರಿಗೆ ಆಗುವುದಿಲ್ಲ. ನೋಡುವವರು ಎದುರಿಗಿರಬೇಕು.)

ನಂತರ ಮೆಟ್ಟಿಲು ಮೆಟ್ಟಿಲಾಗಿ ಬಸ್ಸು. ಮೊದಲ ವಾರ ಬಿ.ಸಿ.ರೋಡಿನಿಂದ ತುಂಬೆವರೆಗೆ, ದಿನಾ. ಎದೆ ಹೊಡೆದುಕೊಂಡರೂ ಇಳಿಯುವ ಹಾಗಿಲ್ಲ, ತುಂಬೆ ಬಂದ ಮೇಲೆಯೇ ಇಳಿಯಬೇಕು. ಆಮೇಲೆ ಫರಂಗಿಪೇಟೆ. ಆಮೇಲೆ ಅಡ್ಯಾರ್. ಕೊನೆಗೆ ಪಂಪ್‌ವೆಲ್. ಆಗಿನ್ನೂ ಅಲ್ಲಿ ಫ್ಲೈಓವರ್ ಆಗಿರಲಿಲ್ಲ, ಬಸ್ಸು ನಿಂತರೆ ನಿಂತಿತೇ. ನನ್ನಂಥವರಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಬೇಡ. ಸುಮಾರು ಮೂರು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಸೋತು ಅರ್ಧದಲ್ಲಿ ಇಳಿದಿದ್ದೂ ಇದೆ. ಮರುದಿನ ಮತ್ತೆ ಹತ್ತಿದೆ.

ಗಾಬರಿ ಬಂದ ಹೊತ್ತಿನಲ್ಲಿ ಏನು ಮಾಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಮೂಗಿನಿಂದ ಮೆಲ್ಲಗೆ ಉಸಿರು ತೆಗೆದುಕೊಳ್ಳಿ, ಅದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಝಿಕ್ರ್ ಮಾಡುವ ಅಭ್ಯಾಸ ಇರುವವರು ಉಸಿರು ಬಿಡುವಾಗ ನಿಧಾನವಾಗಿ ಹೇಳಿಕೊಳ್ಳಬಹುದು, ನಾನು ಹಾಗೆಯೇ ಮಾಡುತ್ತಿದ್ದೆ. ಪಾದ ನೆಲಕ್ಕೆ ಊರಿ. ಎದುರಿಗೆ ಕಾಣುವ ವಸ್ತುಗಳ ಹೆಸರು ಮನಸ್ಸಿನಲ್ಲೇ ಹೇಳಿ. ಪ್ಲಾಸ್ಟಿಕ್ ಅಥವಾ ಕಾಗದದ ಚೀಲದಲ್ಲಿ ಉಸಿರಾಡುವುದು ಬೇಡ, ಅದು ಹಳೆಯ ಪದ್ಧತಿ, ನಿಜವಾಗಿ ಹೃದಯದ್ದೋ ಶ್ವಾಸಕೋಶದ್ದೋ ತೊಂದರೆ ಇದ್ದರೆ ಅಪಾಯ. ಎಲ್ಲಕ್ಕಿಂತ ಮುಖ್ಯ, ಸಾಧ್ಯವಾದರೆ ಇದ್ದಲ್ಲೇ ಇರಿ. ಗಾಬರಿಯನ್ನು ಓಡಿಸಲು ಹೋದಷ್ಟೂ ಅದು ಗಟ್ಟಿಯಾಗಿ ಕೂರುತ್ತದೆ. ಬಂದ ನೆಂಟರ ಹಾಗೆ, ಕೂತು ಹೋಗಲಿ ಎಂದು ಬಿಟ್ಟುಬಿಡಬೇಕು.

ಒಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಜುಮಾ ನಮಾಝಿನಲ್ಲಿ ಸಾಲಿನ ನಡುವೆ ನಿಂತಾಗ ಹೊರಗೆ ಹೋಗಲು ದಾರಿ ಇಲ್ಲ ಎಂದು ಗಾಬರಿಯಾಗುವ ಗಂಡಸರು ಎಷ್ಟೋ ಜನ ಇದ್ದಾರೆ. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿಕೊಂಡವರಿದ್ದಾರೆ. ಅವರು ಮೊದಲು ಹಿಂದಿನ ಸಾಲಿಗೆ ಸರಿಯುತ್ತಾರೆ, ಆಮೇಲೆ ಬಾಗಿಲ ಹೊರಗೆ, ಆಮೇಲೆ ಬರುವುದೇ ಬಿಡುತ್ತಾರೆ. ಬಿಟ್ಟಮೇಲೆ 'ನನ್ನ ಈಮಾನ್ ಹೋಯಿತು' ಎಂಬ ಇನ್ನೊಂದು ಹೊರೆ. ಗಲ್ಫಿನಿಂದ ಎರಡು ವರ್ಷಕ್ಕೊಮ್ಮೆ ಬರಬೇಕಾದ ಮಗ ರಜೆ ಸಿಗುತ್ತಿಲ್ಲ ಎನ್ನುತ್ತಾ ಬರುವುದಿಲ್ಲ, ಕೆಲವೊಮ್ಮೆ ಕಾರಣ ವಿಮಾನದ ಭಯ. ಇದು ಈಮಾನಿನ ಕೊರತೆ ಅಲ್ಲ. ಸಕ್ಕರೆ ಕಾಯಿಲೆ ಬಂದವರಿಗೆ ನಾವು ಹಾಗೆ ಹೇಳುತ್ತೇವೆಯೇ?

ಔಷಧದ ಬಗ್ಗೆ ಎರಡು ಮಾತು. ನನಗೆ ಒಂದು ವರ್ಷ ಮಾತ್ರೆ ಇತ್ತು. ಇದಕ್ಕೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಕೆಲಸ ಆರಂಭಿಸಲು ಕೆಲವು ವಾರ ಬೇಕು, ಮೂರನೇ ದಿನಕ್ಕೆ 'ಪ್ರಯೋಜನ ಇಲ್ಲ' ಎಂದು ಬಿಡಬೇಡಿ. ಅಭ್ಯಾಸ ಹಿಡಿಸುವುದು ಬೇರೆ ಜಾತಿಯ ಮಾತ್ರೆ, ಕೂಡಲೇ ನಿದ್ದೆ ಬರಿಸಿ ಸಮಾಧಾನ ಕೊಡುವಂಥದ್ದು. ಅದನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಬೇಕು. ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತರುವುದು ಖಂಡಿತ ಬೇಡ. ರಮಝಾನಿನಲ್ಲಿ ತಾವಾಗಿಯೇ ಮಾತ್ರೆ ನಿಲ್ಲಿಸುವವರು ಬಹಳ. ದಿನಕ್ಕೊಂದೇ ಮಾತ್ರೆಯಾದರೆ ಇಫ್ತಾರ್ ನಂತರಕ್ಕೆ ಬದಲಾಯಿಸಲು ಆಗುತ್ತದೆಯೇ ಎಂದು ಮೊದಲೇ ವೈದ್ಯರನ್ನು ಕೇಳಿ. ಇಫ್ತಾರಿನಿಂದ ಸಹರಿವರೆಗೆ ಐದಾರು ಗ್ಲಾಸ್ ಚಹಾ ಕುಡಿದು, ನಿದ್ದೆಗೆಟ್ಟು, ಆಮೇಲೆ ಎದೆ ಹೊಡೆದುಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ವಿದ್ಯಾರ್ಥಿಗಳು ಪರೀಕ್ಷೆ ಸಮಯದಲ್ಲಿ ಕುಡಿಯುವ ಎನರ್ಜಿ ಡ್ರಿಂಕ್ ಕೂಡ ಅದೇ ಸಾಲಿಗೆ ಸೇರಿದ್ದು.

ಹೆತ್ತವರೇ, ಮಗುವಿಗೆ ಹೀಗಾದಾಗ ಎಂಟು ಜನ ಸುತ್ತ ನಿಂತು ಗಾಳಿ ಬೀಸಬೇಡಿ. ಒಬ್ಬರು ಹತ್ತಿರ ಕೂತರೆ ಸಾಕು. "ಧೈರ್ಯ ಮಾಡು" ಎಂದರೆ ಧೈರ್ಯ ಬರುವುದಿಲ್ಲ. "ನಾನಿದ್ದೇನೆ, ಇಳಿಯುತ್ತದೆ" ಎಂದು ಹೇಳಿ ನಿಧಾನವಾಗಿ ನೀವೇ ಉಸಿರಾಡಿ ತೋರಿಸಿ. ಮದುವೆಯ ಮಾತುಕತೆಗೆ ತೊಂದರೆಯಾದೀತು ಎಂದು ಹೆಣ್ಣುಮಕ್ಕಳ ವಿಷಯ ಮುಚ್ಚಿಡುವುದು ನನಗೆ ಗೊತ್ತಿದೆ. ನನ್ನ ಮದುವೆಗೆ ಮೊದಲು ನಾನೇ ಹೇಳಿದೆ. ಒಂದು ಸಂಬಂಧ ಹೋಯಿತು. ಎರಡನೆಯದು ಉಳಿಯಿತು, ಅವರು ಇಲ್ಲೇ ಹಿಂದಿನ ಸಾಲಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಾರೆ.

ಎಲ್ಲಿಗೆ ಹೋಗಬೇಕು? 14416 ಎಂಬ ಸಂಖ್ಯೆ ಬರೆದುಕೊಳ್ಳಿ. ಇದು ಟೆಲಿ ಮಾನಸ್, ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಸಣ್ಣ ಊರಿನವರಿಗೂ ಈ ಚಿಕಿತ್ಸೆ ಹತ್ತಿರದಲ್ಲೇ ಸಿಗಬೇಕು ಎಂಬ ಪ್ರಯೋಗವನ್ನು ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ. ಅದನ್ನೇ ಮಾದರಿಯಾಗಿಟ್ಟು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆರೋಗ್ಯ ವಿಮೆ ಇರುವವರು ತಿಳಿದುಕೊಳ್ಳಿ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು.

ಕೊನೆಯದಾಗಿ ದಾನಿಗಳಲ್ಲಿ ಮತ್ತು ಟ್ರಸ್ಟಿಗಳಲ್ಲಿ ಒಂದು ಕೋರಿಕೆ. ಇದನ್ನು ಹೇಳಲು ನನಗೆ ಸಂಕೋಚವಿದೆ, ಉಂಡ ಮನೆಯ ವಿಷಯ. ನಾನು ಓದುವಾಗ ಪ್ರತಿ ವರ್ಷ 60 ಶೇಕಡಾ ಅಂಕ ಇದ್ದರೆ ಮಾತ್ರ ಮುಂದಿನ ಕಂತು ಎಂಬ ನಿಯಮವಿತ್ತು. ಆ ವರ್ಷ ನನಗೆ 54 ಬಂತು. ಕಂತು ನಿಂತಿತು. ಉಮ್ಮ ಕಿವಿಯದ್ದನ್ನು ಅಡವಿಟ್ಟರು. ಯಾರ ಮೇಲೂ ನನಗೆ ದೂರಿಲ್ಲ, ನನಗೇನಾಗಿದೆ ಎಂದು ಟ್ರಸ್ಟಿಗೆ ಯಾರೂ ತಿಳಿಸಿರಲಿಲ್ಲ, ಫಾರಂನಲ್ಲಿ ಅದನ್ನು ಬರೆಯಲು ಜಾಗವೂ ಇರಲಿಲ್ಲ. ಕೈ ಮುರಿದಿದ್ದರೆ ನಾನು ಬರೆಯುತ್ತಿದ್ದೆ, ನೀವೂ ಒಪ್ಪುತ್ತಿದ್ದಿರಿ. ಝಕಾತ್, ಸದಕಾದ ಹಣ, ಲೆಕ್ಕ ಬೇಕು, ನಿಯಮ ಬೇಕು, ನಿಜ. ನಾನು ಕೇಳುವುದು ಇಷ್ಟು: ವೈದ್ಯರ ಚೀಟಿ ತಂದ ಮಗುವಿಗೆ ಒಂದು ವರ್ಷ ಅವಕಾಶ ಕೊಡಿ. ಆ ಚೀಟಿಯನ್ನು ಇಡೀ ಸಮಿತಿ ಓದುವುದು ಬೇಡ, ಒಬ್ಬರು ನೋಡಿದರೆ ಸಾಕು. ಇನ್ನೊಂದು, ವೇದಿಕೆಗೆ ಬಂದು ಚೆಕ್ ಹಿಡಿದು ಫೋಟೋ ತೆಗೆಸಿಕೊಳ್ಳಲು ಕಷ್ಟವಾಗುವ ಮಕ್ಕಳಿದ್ದಾರೆ. ಈ ಸಭೆಯಲ್ಲೇ ಹೆಸರು ಕರೆಯುವುದನ್ನು ಕಾಯುತ್ತಾ ಬೆವರುತ್ತಿರುವವರು ಇರಬಹುದು. ಅವರಿಗೆ ಕಚೇರಿಯಿಂದಲೇ ಕೊಡಬಹುದಲ್ಲವೇ?

ಆ ರಾತ್ರಿ ಬಂದ ಹುಡುಗಿಗೆ ನಾನು ನನ್ನ ಪರ್ಸಿನ ಹಳೆಯ ಚೀಟಿ ತೆಗೆದು ತೋರಿಸಿದೆ. ಅವಳು ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡಳು. ಮಾವ ಆಟೋ ಕರೆಯಲು ಹೋಗಿದ್ದರು. ಅವಳ ಉಮ್ಮ ಹಿಂದಿರುಗಿ ಬಂದು, "ಇದಕ್ಕೆ ಯಾವ ಡಾಕ್ಟರು, ಯಾವ ದಿನ ಸಿಗುತ್ತಾರೆ?" ಎಂದು ಕೇಳಿದರು. ಬರೆದುಕೊಟ್ಟೆ.

ನನ್ನ ಸಮಯ ಮುಗಿಯಿತು, ಕಾರ್ಯದರ್ಶಿಯವರು ಗಡಿಯಾರ ನೋಡುತ್ತಿದ್ದಾರೆ.

(ಕಾರ್ಯದರ್ಶಿಯ ಟಿಪ್ಪಣಿ: ಈ ಭಾಷಣದ ನಂತರ ಕಾರ್ಯಕಾರಿ ಸಮಿತಿಯು ನವೀಕರಣ ಅರ್ಜಿಯಲ್ಲಿ 'ಅನಾರೋಗ್ಯದ ಕಾರಣ ಅಂಕ ಕಡಿಮೆಯಾಗಿದ್ದಲ್ಲಿ' ಎಂಬ ಕಾಲಮ್ ಸೇರಿಸಿದೆ. ದೇಹದ ಮತ್ತು ಮನಸ್ಸಿನ ಅನಾರೋಗ್ಯ ಎರಡಕ್ಕೂ ಇದು ಅನ್ವಯಿಸುತ್ತದೆ. ವೈದ್ಯರ ಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಬೇಕು. ಅದನ್ನು ಸಮಿತಿಯ ಒಬ್ಬ ಸದಸ್ಯರು ಮಾತ್ರ ನೋಡುತ್ತಾರೆ. ವಿದ್ಯಾರ್ಥಿವೇತನವನ್ನು ಕಚೇರಿಯಲ್ಲೇ ಪಡೆಯಲು ಬಯಸುವವರು ಅರ್ಜಿಯ ಎರಡನೇ ಪುಟದಲ್ಲಿ ಗುರುತು ಹಾಕಿದರೆ ಸಾಕು, ಕಾರಣ ಬರೆಯಬೇಕಾಗಿಲ್ಲ.)